ಮೆಮೊ ಬುಕ್ಕಿನಲ್ಲಿ ಬಂದ ಇತಿಹಾಸ

ಯುಗಾದಿ ಮುಗಿಸಿಕೊಂಡು ಊರಿಂದ ಬೆಂಗಳೂರಿಗೆ ವಾಪಸ್ ಬಂದ ಎರಡೇ ದಿನಕ್ಕೆ ಯಾರೋ ನನ್ನನ್ನು ಒಂದು ಹೊಸ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಗ್ರೂಪಿನ ಹೆಸರು ‘ಶಾಲಾ ಶತಮಾನೋತ್ಸವ’. ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ ನಾನು ಐದರಿಂದ ಏಳನೇ ಕ್ಲಾಸಿನವರೆಗೆ ಓದಿದ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬುತ್ತಿದೆಯಂತೆ. ವಾರದೊಳಗೆ ಸಮಿತಿಯೂ ಆಯ್ತು, ಕೆಲಸವೂ ಹಂಚಿಕೆಯಾಯ್ತು. ಶಾಮಿಯಾನ ಒಬ್ಬರಿಗೆ, ಊಟ ಒಬ್ಬರಿಗೆ, ಎಂಎಲ್ಎ ಅವರನ್ನು ಕರೆಯೋ ಕೆಲಸ ಮೂವರಿಗೆ. ನನ್ನ ಪಾಲಿಗೆ ಬಂದಿದ್ದು ಸ್ಮರಣ ಸಂಚಿಕೆಗೆ ‘ಶಾಲೆ ನಡೆದು ಬಂದ ದಾರಿ’ ಅನ್ನೋ ಲೇಖನ. ನನಗೇ ಯಾಕೆ ಅಂತ ಕೇಳಿದ್ದಕ್ಕೆ, “ನಿನ್ ಹತ್ರ ಕಂಪ್ಯೂಟರ್ ಇದೆ, ಕನ್ನಡ ಟೈಪ್ ಮಾಡಕ್ಕೆ ಬರುತ್ತೆ” ಅಂದ್ರು. ಇತಿಹಾಸ ಬರೆಯೋಕೆ ಬಿ.ಇ. ಮಾಡಿದವನಿಗಿರೋ ಅರ್ಹತೆ ಇಷ್ಟೇ.

ನಾಲ್ಕು ಪುಟ ಬರೆದರೆ ಸಾಕು, ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಈಗ ಐದು ತಿಂಗಳಾಗಿದೆ.

ನಮ್ಮ ಕಡೆ ಹಿರಿಯರು ಆ ಶಾಲೆಯನ್ನು ಇವತ್ತಿಗೂ ‘ಮಿಡ್ಲಿಸ್ಕೂಲು’ ಅಂತಲೇ ಕರೆಯೋದು. ಬೋರ್ಡಿನ ಮೇಲೆ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಅಂತ ಬಂದು ದಶಕಗಳೇ ಕಳೆದಿವೆ, ಬಾಯಲ್ಲಿ ಮಾತ್ರ ಬದಲಾಗಿಲ್ಲ. ಆ ಶಾಲೆಯ ಬಗ್ಗೆ ನನಗೆ ಮೊದಲು ನೆನಪಾಗೋದು ಮೆಮೊ ಬುಕ್ಕು. ಮೂರನೇ ಪೀರಿಯಡ್ ನಡೀತಿರುವಾಗ ಜವಾನರು ಉದ್ದನೆಯ ಒಂದು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲೋರು. ಇಡೀ ಕ್ಲಾಸು ಉಸಿರು ಬಿಗಿ ಹಿಡಿಯೋದು. ಮೇಷ್ಟ್ರು ಕನ್ನಡಕ ಏರಿಸಿ, “ಈ ಮೂಲಕ ಎಲ್ಲಾ ವಿದ್ಯಾರ್ಥಿಗಳಿಗೆ ತಿಳಿಸುವುದೇನೆಂದರೆ” ಅಂತ ಶುರು ಮಾಡೋರು. ನಾಳೆ ರಜಾ ಅಂತ ಇರಬಹುದು, ನಾಳೆ ಇನ್ಸ್‌ಪೆಕ್ಟರ್ ಬರ್ತಾರೆ ಅಂತಲೂ ಇರಬಹುದು. ಕೊನೆಗೆ ಮೇಷ್ಟ್ರು ಸಹಿ ಮಾಡಿ ವಾಪಸ್ ಕೊಡೋರು. ನಮ್ಮ ಮನೆಗೆ ಪೇಪರ್ ಬರ್ತಿರಲಿಲ್ಲ. ಸರ್ಕಾರ ಅನ್ನೋದು ಒಂದಿದೆ, ಅದು ನಮ್ಮ ಬಗ್ಗೆ ಏನೋ ಯೋಚನೆ ಮಾಡ್ತಿದೆ ಅನ್ನೋದು ನನಗೆ ಗೊತ್ತಾಗಿದ್ದು ಆ ಪುಸ್ತಕದಿಂದಲೇ.

ಹೆಡ್‌ಮೇಷ್ಟ್ರ ಕೋಣೆಯ ಕಬ್ಬಿಣದ ಬೀರು ತೆಗೆಸಿದಾಗ ಎರಡು ಥರದ ಪುಸ್ತಕ ಸಿಕ್ಕವು. ಒಂದು, ಶಾಲೆ ಶುರುವಾದಾಗಿನಿಂದ ಇರುವ ದಾಖಲಾತಿ ರಿಜಿಸ್ಟರ್. ಅದನ್ನು ಯಾರೂ ಎಸೆಯುವ ಹಾಗಿಲ್ಲ, ಕಾನೂನು. ಇನ್ನೊಂದು, ಗೆದ್ದಲು ತಿಂದು ಉಳಿದ ಹಳೇ ಮೆಮೊ ಬುಕ್ಕುಗಳು. ಐವತ್ತರ ದಶಕದಿಂದೀಚಿನ ಕೆಲವು ಮಾತ್ರ ಓದುವ ಹಾಗಿದ್ದವು. ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದೋಕೆ ಶುರು ಮಾಡಿದ ಮೇಲೆ ನನ್ನ ಭಾನುವಾರಗಳು ಹೋದವು.

ಅದನ್ನು ಹೇಳೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಂಥ ಊರುಗಳಿಗೆ ಸರ್ಕಾರಿ ಶಾಲೆ ಬರೋಕೆ ಮುಂಚೆ ಇದ್ದಿದ್ದು ಕೂಲಿಮಠ. ದೇವಸ್ಥಾನದ ಪಡಸಾಲೆಯಲ್ಲೋ, ಯಾರದೋ ಮನೆ ಜಗಲಿಯಲ್ಲೋ ಒಬ್ಬ ಅಯ್ಯನವರು. ಮರಳ ಮೇಲೆ ಬೆರಳಲ್ಲಿ ಅಕ್ಷರ ತಿದ್ದೋದು, ಮಗ್ಗಿ ಬಾಯಿಪಾಠ. ಕೈ ಕುದುರಿದ ಮೇಲೆ ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆಯೋದು. ಭಾನುವಾರದ ರಜೆ ಇರಲಿಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ರಜೆ. ಅಯ್ಯನವರಿಗೆ ಸಂಬಳ ಅಂತ ನಿಗದಿ ಇರಲಿಲ್ಲ, ಸುಗ್ಗಿಯಲ್ಲಿ ಕಾಳುಕಡಿ ಬರೋದು.

ಆ ಮಠಕ್ಕೂ ವರ್ಷಕ್ಕೊಂದು ಕಾರ್ಯಕ್ರಮ ಇತ್ತು. ಮಾರ್ನಮಿ, ಅಂದರೆ ಮಹಾನವಮಿ ಬಂದಾಗ ಅಯ್ಯನವರು ಹುಡುಗರನ್ನು ಸಾಲಾಗಿ ಕರೆದುಕೊಂಡು ಮನೆ ಮನೆಗೆ ಹೋಗೋರು. ಹುಡುಗರು ಚೌಪದ ಹಾಡೋರು, ಮನೆಯವರು ಅಕ್ಕಿ, ಬೆಲ್ಲ, ಕೈಲಾದಷ್ಟು ಕಾಸು ಕೊಡೋರು. ಅದು ಹಬ್ಬವೂ ಹೌದು, ಫೀಸ್ ವಸೂಲಿಯೂ ಹೌದು. ಹುಡುಗರು ಏನು ಕಲಿತಿದ್ದಾರೆ ಅಂತ ಊರಿಗೆ ತೋರಿಸೋ ಪೇರೆಂಟ್ಸ್ ಮೀಟಿಂಗೂ ಹೌದು. ನಮ್ಮ ಸೀಮೆಯ ಮೊದಲ ಸ್ಕೂಲ್ ಡೇ ಇದೇ ಇರಬೇಕು ಅಂತ ನನಗನಿಸುತ್ತೆ. ಆದರೆ ಆ ಸಾಲಿನಲ್ಲಿ ಯಾರು ಇರ್ತಿದ್ರು, ಯಾರ ಮನೆ ಬಾಗಿಲಿಗೆ ಆ ಸಾಲು ಹೋಗ್ತಾನೇ ಇರಲಿಲ್ಲ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಶುರುವಾಗಿದ್ದು 1857ರಲ್ಲಿ. ಹಳ್ಳಿಯ ಕಡೆಗೆ ಅದು ಮುಖ ಮಾಡಿದ್ದು 1868ರ ಹೋಬಳಿ ಶಾಲೆಗಳ ಯೋಜನೆಯಿಂದ. ಆ ಯೋಜನೆ ಹಾಕಿಕೊಟ್ಟವರು ಬಿ.ಎಲ್. ರೈಸ್. ಹೌದು, ಸಾವಿರಾರು ಶಾಸನಗಳನ್ನು ಹುಡುಕಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಂದ ಅದೇ ರೈಸ್. ಶಾಸನದ ರೈಸ್ ಎಲ್ಲರಿಗೂ ಗೊತ್ತು, ಶಾಲೆಯ ರೈಸ್ ಅಷ್ಟಾಗಿ ಗೊತ್ತಿಲ್ಲ. ಯೋಜನೆ ಸರಳ: ಹೋಬಳಿಗೊಂದು ಶಾಲೆ ಬೇಕು, ಪಾಠ ಕನ್ನಡದಲ್ಲಿ ನಡೀಬೇಕು, ಮೇಷ್ಟ್ರಾಗೋರಿಗೆ ತರಬೇತಿ ಕೊಡಬೇಕು. ನಮ್ಮ ಹೋಬಳಿಗೆ ಅದು ತಲುಪೋಕೆ ಇನ್ನೂ ಐವತ್ತು ವರ್ಷ ಹಿಡೀತು.

ನಮ್ಮ ಶಾಲೆ ಬಂದಿದ್ದು 1919ರಲ್ಲಿ, ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮರುವರ್ಷ. ಅವರು ದಿವಾನರಾಗಿದ್ದ 1912ರಿಂದ 1918ರ ನಡುವೆ ಶಾಲೆಗಳ ವಿಷಯದಲ್ಲಿ ಎರಡು ದೊಡ್ಡ ಆದೇಶ ಹೊರಬಿದ್ದವು. ಮೊದಲನೆಯದು 1913ರ ಕಡ್ಡಾಯ ಶಿಕ್ಷಣದ ಕಾಯ್ದೆ. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರು ಇಂಥದ್ದೇ ಮಸೂದೆ ತಂದು ಸೋತಿದ್ದರು. ಮೈಸೂರಿನಲ್ಲಿ ಅದು ಕಾಯ್ದೆಯೇ ಆಯ್ತು, ಆದರೆ ಆಯ್ದ ಕೆಲವು ಕೇಂದ್ರಗಳಲ್ಲಿ, ಅದೂ ಮೊದಮೊದಲು ಹುಡುಗರಿಗೆ. ಎರಡನೆಯದು 1915ರದ್ದು: ಸರ್ಕಾರಿ ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಸೇರಿಸಿಕೊಳ್ಳಲ್ಲ ಅನ್ನುವಂತಿಲ್ಲ. ಅಲ್ಲಿಯವರೆಗೆ ದಲಿತ ಮಕ್ಕಳಿಗೆ ‘ಪಂಚಮ ಶಾಲೆ’ ಅಂತ ಬೇರೆಯೇ ಇರ್ತಿತ್ತು, ಅದೂ ಇದ್ದ ಕಡೆ ಮಾತ್ರ. ಹೊಸ ಆದೇಶ ಬಂದಾಗ ಕೆಲವು ಕಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಸರ್ಕಾರ ಆದೇಶ ವಾಪಸ್ ತಗೊಳ್ಳಲಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿಯೂ ಬಂತು, ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡೋ ಬಗ್ಗೆ.

ಸ್ಕೂಲಲ್ಲಿ ಇದನ್ನೆಲ್ಲ ಎರಡು ಅಂಕದ ಪ್ರಶ್ನೆಗೆ ಓದಿದ್ದೆ. ‘ಮೈಸೂರು ಮಾದರಿ ಸಂಸ್ಥಾನ ಎನಿಸಲು ಕಾರಣಗಳೇನು?’ ಇಸವಿ ಸಮೇತ ಬರೆದರೆ ಪೂರ್ತಿ ಅಂಕ. ಈಗ ರಿಜಿಸ್ಟರ್ ಮುಂದೆ ಕೂತು ಅದೇ ಇಸವಿಗಳನ್ನು ಹುಡುಕಿದೆ. 1919ರ ಮೊದಲ ಪುಟದಲ್ಲಿ ಎಲ್ಲ ಜಾತಿ ಇರಬೇಕಿತ್ತು ಅಲ್ವಾ, ಆದೇಶ ಬಂದು ನಾಲ್ಕು ವರ್ಷ ಆಗಿದೆ. ಇಲ್ಲ. ಜಾತಿಯ ಕಾಲಮ್ಮಿನಲ್ಲಿ ಎರಡು ಮೂರು ಹೆಸರೇ ಸುತ್ತಿ ಸುತ್ತಿ ಬರುತ್ತವೆ. ‘ಆ.ಕ.’ ಅಂದರೆ ಆದಿ ಕರ್ನಾಟಕ ಅನ್ನೋ ಎರಡಕ್ಷರ ಮೊದಲ ಸಲ ಕಾಣಿಸೋದು ಮೂವತ್ತರ ದಶಕದ ಪುಟಗಳಲ್ಲಿ. ಒಬ್ಬನೇ ಹುಡುಗ. ಮುಂದಿನ ವರ್ಷ ಅವನ ಹೆಸರಿನ ಮುಂದೆ ‘ಬಿಟ್ಟಿದ್ದಾನೆ’ ಅಂತ ಇದೆ, ಕಾರಣದ ಜಾಗ ಖಾಲಿ. ಎರಡನೆಯ ಹುಡುಗ ಬರೋದು ಅದಾಗಿ ಆರು ವರ್ಷಕ್ಕೆ.

ನಮ್ಮ ಕೆಲಸದಲ್ಲಿ ಇಂಥದ್ದು ನನಗೆ ಚೆನ್ನಾಗಿ ಗೊತ್ತು. ಫೀಚರ್ ರಿಲೀಸ್ ಆಗಿದೆ ಅಂತ ಎಲ್ಲರಿಗೂ ಮೇಲ್ ಹೋಗಿರುತ್ತೆ, ಕೇಕ್ ಕತ್ತರಿಸಿ ಆಗಿರುತ್ತೆ. ಲಾಗ್ ತೆಗೆದು ನೋಡಿದ್ರೆ ಒಬ್ಬ ಯೂಸರೂ ಇರಲ್ಲ. ಹಾಗಂತ ರಿಲೀಸ್ ಆಗಿದ್ದು ಸುಳ್ಳಲ್ಲ. ಆ ಆದೇಶ ಇಲ್ಲದೇ ಇದ್ದಿದ್ದರೆ ಮೂವತ್ತರ ದಶಕದ ಆ ಒಬ್ಬ ಹುಡುಗನೂ ಒಳಗೆ ಬರ್ತಿರಲಿಲ್ಲ. ಆದರೆ ಇತಿಹಾಸ ಅಂದರೆ ಆದೇಶ ಹೊರಟ ದಿನವೋ, ಆ ಹುಡುಗ ಹೊಸಲು ದಾಟಿದ ದಿನವೋ? ಸ್ಮರಣ ಸಂಚಿಕೆಗೆ ಯಾವ ಇಸವಿ ಹಾಕಬೇಕು? ಅಲ್ಲಿ ನಿಂತುಬಿಟ್ಟಿತು ನನ್ನ ಲೇಖನ.

ಮಿಡ್ಲ್ ಸ್ಕೂಲ್ ಅನ್ನೋದು ಆ ಕಾಲಕ್ಕೆ ಸಣ್ಣ ವಿಷಯ ಆಗಿರಲಿಲ್ಲ. ಹಳ್ಳಿಗಳಲ್ಲಿ ನಾಲ್ಕನೇ ಕ್ಲಾಸಿನವರೆಗಿನ ಪ್ರೈಮರಿ ಇದ್ದರೇ ಹೆಚ್ಚು. ಐದನೆಯದಕ್ಕೆ ಹೋಬಳಿಗೆ ನಡೀಬೇಕು. ಅಲ್ಲಿ ಓದಿ ಲೋಯರ್ ಸೆಕೆಂಡರಿ ಪಾಸು ಮಾಡಿದವನು ‘ಎಲ್ಲೆಸ್ ಆಗಿದೆ’ ಅಂತ ಹೆಸರಿನ ಜೊತೆ ಹೇಳಿಕೊಳ್ಳೋನು. ಮೇಷ್ಟ್ರೋ, ಗುಮಾಸ್ತನೋ ಆಗಬಹುದಿತ್ತು. ಬಾಂಬೆ ಕರ್ನಾಟಕದ ಕಡೆ ಇದೇ ಮರ್ಯಾದೆ ಮುಲ್ಕಿ ಪರೀಕ್ಷೆಗಿತ್ತು. ಹೈಸ್ಕೂಲಂತೂ ಇನ್ನೂ ದೂರದ ಮಾತು. ಹಾಗಾಗಿ ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಗೇಟಿತ್ತು. ಯಾರು ಆ ಗೇಟು ದಾಟಿದರು ಅನ್ನೋದರ ಮೇಲೆ ಮುಂದಿನ ಎರಡು ತಲೆಮಾರಿನ ಜಾತಕ ನಿಂತಿರೋದು. ನಾನಿವತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಬೈಕೊಂಡು ಕೂತಿದ್ದೀನಿ ಅಂದ್ರೆ, ನಮ್ಮಪ್ಪ ಆ ಗೇಟು ದಾಟಿದ್ದಕ್ಕೆ.

ಅಪ್ಪನ ಎಂಟ್ರಿಯೂ ಸಿಕ್ಕಿತು. ಹುಟ್ಟಿದ ದಿನಾಂಕ ಜೂನ್ 1. ಮೇಲಿನ ಹೆಸರು ನೋಡಿದೆ, ಜೂನ್ 1. ಕೆಳಗಿನದು, ಜೂನ್ 1. ಆ ಪುಟದ ಅರ್ಧ ಊರು ಒಂದೇ ದಿನ ಹುಟ್ಟಿದೆ! ಹೆತ್ತವರಿಗೆ ದಿನಾಂಕ ಗೊತ್ತಿರಲಿಲ್ಲ, ಶಾಲೆ ಶುರುವಾಗೋ ಹೊತ್ತಿಗೆ ಸರಿಯಾಗಿ ವಯಸ್ಸು ತುಂಬೋ ಹಾಗೆ ಮೇಷ್ಟ್ರೇ ಬರೆದುಕೊಂಡರು. ನಿಮ್ಮ ಮನೆಯಲ್ಲೂ ಜೂನ್ 1ರಂದು ಹುಟ್ಟಿದವರು ಒಬ್ಬರಾದ್ರೂ ಇರ್ತಾರೆ, ಕೇಳಿ ನೋಡಿ. ಪ್ರತಿ ವರ್ಷ ಆ ದಿನ ಫೇಸ್‌ಬುಕ್ ಅವರಿಗೆ ಬಲೂನು ಹಾರಿಸುತ್ತೆ.

ಇನ್ನು ಮೆಮೊ ಬುಕ್ಕಿನ ಕಥೆ. ಗೆದ್ದಲು ಬಿಟ್ಟಷ್ಟನ್ನೇ ಓದಿದರೂ ದೇಶದ ಚರಿತ್ರೆ ಅದರಲ್ಲಿ ಒಂದೊಂದು ಸಾಲಾಗಿ ಸಿಗುತ್ತೆ. 1957ರ ಏಪ್ರಿಲ್ ಒಂದರಿಂದ ನಯಾ ಪೈಸೆ ಬರುತ್ತೆ, ಮಕ್ಕಳು ಮನೆಯವರಿಗೆ ತಿಳಿಸಬೇಕು. ಹದಿನಾರಾಣೆಯ ರೂಪಾಯಿ ಇದ್ದಕ್ಕಿದ್ದಂತೆ ನೂರು ಪೈಸೆಯದ್ದಾದಾಗ ಸಂತೆಯಲ್ಲಿ ಅಪ್ಪಂದಿರಿಗೆ ಲೆಕ್ಕ ಹೇಳಿಕೊಟ್ಟಿದ್ದು ಐದನೇ ಕ್ಲಾಸಿನ ಹುಡುಗರು. ಕೆಲವೇ ವರ್ಷಕ್ಕೆ ಸೇರು, ಮಣ ಹೋಗಿ ಕಿಲೋ ಬಂತು. ಅದಕ್ಕೂ ಅವರೇ ಟ್ಯೂಷನ್ ಮೇಷ್ಟ್ರು. ಇನ್ನೊಂದು ಪುಟದಲ್ಲಿ ‘ನಾಳೆ ದಾಕು ಹಾಕುವವರು ಬರುತ್ತಾರೆ, ಯಾರೂ ಗೈರುಹಾಜರಾಗತಕ್ಕದ್ದಲ್ಲ’ ಅಂತಿದೆ. ಸಿಡುಬಿನ ದಾಕು. ಹಳೇ ವಿದ್ಯಾರ್ಥಿಯೊಬ್ಬರು ನಕ್ಕೊಂಡು ಹೇಳಿದ್ರು, ಆ ಮೆಮೊ ಓದಿದ ಮರುದಿನವೇ ಶಾಲೆ ಅರ್ಧ ಖಾಲಿ, ಹುಡುಗರೆಲ್ಲ ಕಬ್ಬಿನ ಗದ್ದೆಯಲ್ಲಿ. ಈಗಲೂ ಅವರ ತೋಳಿನ ಮೇಲೆ ರೂಪಾಯಿ ಅಗಲದ ಎರಡು ಗುರುತಿವೆ. ಚುನಾವಣೆ ಬಂದರೆ ಶಾಲೆಯೇ ಬೂತು, ಜನಗಣತಿ ಬಂದರೆ ಮೇಷ್ಟ್ರೇ ಎಣಿಸೋರು. ಕೇರ್ ಸಂಸ್ಥೆಯ ಹಾಲಿನ ಪುಡಿ, ಗೋಧಿ ನುಚ್ಚಿನ ಉಪ್ಪಿಟ್ಟು ಬಂದಾಗ ‘ತಟ್ಟೆ ಲೋಟ ಮನೆಯಿಂದಲೇ ತರಬೇಕು’ ಅಂತ ಮೆಮೊ. ಬೇರೆ ಬೇರೆ ಮನೆಯ ತಟ್ಟೆಗಳು ಒಂದೇ ಸಾಲಿನಲ್ಲಿ ಕೂತವಾ, ಎರಡು ಸಾಲಾಯ್ತಾ ಅನ್ನೋದನ್ನ ಮೆಮೊ ಹೇಳಲ್ಲ. ಎಂಬತ್ತು ದಾಟಿದ ಅದೇ ಹಳೇ ವಿದ್ಯಾರ್ಥಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಡಪ್ಪ ಅದ್ನೆಲ್ಲ, ಫಂಕ್ಷನ್ ಚೆನ್ನಾಗಾಗ್ಲಿ” ಅಂದ್ರು.

ಅವರೇ 1947ರ ಬಗ್ಗೆ ಮಾತ್ರ ಉತ್ಸಾಹದಿಂದ ಹೇಳಿದ್ರು. ಆಗಸ್ಟ್ 15ಕ್ಕೆ ಬಾವುಟ ಹಾರಿತು, ಆದರೆ ನಮ್ಮದು ರಾಜರ ಸಂಸ್ಥಾನ, ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯ್ತು. ದೊಡ್ಡ ಊರುಗಳಲ್ಲಿ ವಿದ್ಯಾರ್ಥಿಗಳು ಶಾಲೆ ಕಾಲೇಜು ಬಿಟ್ಟು ಬೀದಿಗೆ ಬಂದರು. ನಮ್ಮ ಮಿಡ್ಲಿಸ್ಕೂಲಿನವರೂ ಒಂದು ದಿನ ಘೋಷಣೆ ಕೂಗಿಕೊಂಡು ಕೆರೆ ಏರಿಯವರೆಗೆ ಹೋಗಿ, ಹಸಿವಾಗಿ ವಾಪಸ್ ಬಂದರಂತೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. “ನಾವ್ ಕೂಗಿದ್ದಕ್ಕೇ ಬಂತು ಅಂದ್ಕೊಂಡಿದ್ವಿ” ಅಂತ ಅಜ್ಜ ನಕ್ಕರು.

ಇಷ್ಟು ಹೊತ್ತಿಗೆ ನನ್ನ ಹತ್ತಿರ ಎಕ್ಸೆಲ್ ಶೀಟೊಂದು ತಯಾರಾಗಿತ್ತು. ರಿಜಿಸ್ಟರಿನ ಫೋಟೋ ತೆಗೆದು ರಾತ್ರಿ ಕೂತು ಒಂದೊಂದೇ ಎಂಟ್ರಿ ತುಂಬಿಸ್ತಿದ್ದೆ. ಹುಡುಗಿಯರ ಹೆಸರು ಫಿಲ್ಟರ್ ಮಾಡಿದೆ. ಅರವತ್ತರ ದಶಕದಲ್ಲಿ ಐದನೇ ಕ್ಲಾಸಿಗೆ ಸೇರಿದ ಹುಡುಗಿಯರಲ್ಲಿ ಹೆಚ್ಚಿನವರು ಏಳು ಮುಗಿಸಿಲ್ಲ. ‘ಶಾಲೆ ಬಿಟ್ಟ ಕಾರಣ’ ಅನ್ನೋ ಕಾಲಮ್ಮಿನಲ್ಲಿ ಎಲ್ಲರಿಗೂ ಒಂದೇ ಪದ: ‘ದೀರ್ಘ ಗೈರುಹಾಜರಿ’. 1961ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಹೊಸ ಕಾಯ್ದೆ ಬಂದಿತ್ತು, ಹುಡುಗಿಯರಿಗೂ ಸೇರಿ. ಮತ್ತದೇ ಕಥೆ. ಹಾಗೆ ಸ್ಕ್ರೋಲ್ ಮಾಡ್ತಾ ಇರುವಾಗ 1966ನೇ ಇಸವಿಯಲ್ಲಿ ನಮ್ಮ ತಾತನ ಹೆಸರು ಕಾಣಿಸಿತು, ತಂದೆಯ ಹೆಸರಿನ ಕಾಲಮ್ಮಿನಲ್ಲಿ. ಮಗುವಿನ ಹೆಸರು ಅಪ್ಪನದಲ್ಲ. ನನ್ನ ದೊಡ್ಡತ್ತೆಯದು.

ಜೂನ್‌ನಲ್ಲಿ ಸೇರಿ, ಆಗಸ್ಟ್‌ನಲ್ಲಿ ಬಿಟ್ಟಿದ್ದಾರೆ. ಕಾರಣ, ದೀರ್ಘ ಗೈರುಹಾಜರಿ.

ದೊಡ್ಡತ್ತೆ ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತಿದ್ದಾರೆ ಅನ್ನೋದೇ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಹೇಳ್ತಿದ್ದಿದ್ದು, ಅವಳಿಗೆ ವಿದ್ಯೆ ಹತ್ತಲಿಲ್ಲ ಅಂತ. ಯಾವಾಗ ಕೇಳಿದರೂ ಅದೇ. ನಾನೂ ಹಾಗೇ ನಂಬಿದ್ದೆ. ರಾತ್ರಿ ಹತ್ತೂವರೆ ಆಗಿತ್ತು, ಆದರೂ ಫೋನ್ ಮಾಡಿದೆ.

“ಅತ್ತೆ, ನೀವು ಮಿಡ್ಲಿಸ್ಕೂಲಿಗೆ ಹೋಗಿದ್ರಾ?”

“ಎರಡ್ ತಿಂಗ್ಳು ಕಣೋ ಮಗ. ಯಾಕೆ, ಈಗೇನಾಯ್ತು?”

ಆಮೇಲೆ ಅವರು ಹೇಳಿದ್ದು ಇಷ್ಟು. ಆಗಸ್ಟ್ 15ರ ಕಾರ್ಯಕ್ರಮಕ್ಕೆ ಮೇಷ್ಟ್ರು ಅವರನ್ನು ಭಾರತಮಾತೆ ಪಾರ್ಟಿಗೆ ಆರಿಸಿದ್ದರು. ಮಾತಿಲ್ಲ, ಹಾಡಿಲ್ಲ, ಬಾವುಟ ಹಿಡಿದು ಸುಮ್ಮನೆ ನಿಲ್ಲೋದು. ಮೆಮೊ ಬುಕ್ಕು ಬಂದ ದಿನ ಪಾರ್ಟು ಮಾಡೋರಿಗೆಲ್ಲ ಒಂದೊಂದು ಚೀಟಿ ಕೊಟ್ಟು, ಮನೆಯಲ್ಲಿ ತೋರಿಸಿ ಅಂದರು. ಒಂದು ಸೀರೆ ತರಬೇಕು, ಕೂದಲು ಬಿಟ್ಟುಕೊಂಡು ಬರಬೇಕು ಅಂತ ಅದರಲ್ಲಿತ್ತು. ತಾತನಿಗೆ ಓದೋಕೆ ಬರ್ತಿರಲಿಲ್ಲ. ಮನೆಯಲ್ಲಿ ಓದು ಬರ್ತಿದ್ದಿದ್ದು ಅತ್ತೆಗೆ ಒಬ್ಬರಿಗೇ.

“ನಾನೇ ನಿಂತ್ಕೊಂಡು ಓದಿ ಹೇಳ್ದೆ. ಎಷ್ಟ್ ಖುಷಿ ನಂಗೆ, ಜೋರಾಗಿ ಓದ್ದೆ. ‘ಬೆಳ್ದಿರೋ ಹೆಣ್ಮಗ, ಜನದ್ ಮುಂದೆ ಕೂದ್ಲು ಬಿಟ್ಕೊಂಡು ನಿಲ್ಲೋದಾ’ ಅಂದ್ರು ನಮ್ಮಪ್ಪ. ಮಾರ್ನೇ ದಿನದಿಂದ ಕಳ್ಸಲಿಲ್ಲ. ಒಂದ್ ಸಾಲ್ ಬಿಟ್ಟು ಓದಿದ್ರೆ ಆಗಿರೋದು ನೋಡು. ಸುಳ್ಳು ಓದಕ್ಕೆ ಬರಲಿಲ್ಲ ನಂಗೆ.”

ಹನ್ನೊಂದು ವರ್ಷ ಅವರಿಗಾಗ. ಆಮೇಲೆ ಆ ಮನೆಗೆ ಬಂದ ಪ್ರತಿಯೊಂದು ಕಾಗದವನ್ನೂ ಅವರೇ ಓದಿದ್ದು. ಕೋರ್ಟಿನ ನೋಟಿಸು, ಸೊಸೈಟಿ ಸಾಲದ ಪತ್ರ, ಕೊನೆಗೆ ತಮ್ಮನ, ಅಂದರೆ ನಮ್ಮಪ್ಪನ ಕೆಲಸದ ಆರ್ಡರ್ ಕೂಡ. ವಿದ್ಯೆ ಹತ್ತದವರು!

ತಾತನನ್ನು ಬೈಯೋಕೆ ನನಗೆ ಸುಲಭ. ಆದರೆ ತಾತನಿಗೆ ಆ ಶಾಲೆಯಿಂದ ಬಂದ ಮೊದಲ ಸುದ್ದಿ ಆ ಚೀಟಿಯೇ. ಮಗಳು ಲೆಕ್ಕದಲ್ಲಿ ಮುಂದಿದ್ದಾಳೆ, ಓದಿಸಿ ಅಂತ ಒಂದು ಚೀಟಿ ಅದಕ್ಕೆ ಮುಂಚೆ ಬಂದಿದ್ದರೆ? ಬರ್ತಿರಲಿಲ್ಲ, ಮೆಮೊ ಬುಕ್ಕಿನಲ್ಲಿ ಅಂಥದ್ದಕ್ಕೆ ಜಾಗ ಇಲ್ಲ. ಮೇಲಿಂದ ಬರೋ ಸುದ್ದಿ ಕೆಳಗೆ ಓದಿ ಹೇಳೋಕೆ ಇದ್ದ ಪುಸ್ತಕ ಅದು. ಒಂದು ಮಗು ಎರಡು ವಾರ ಬಂದಿಲ್ಲ ಅನ್ನೋ ಸುದ್ದಿಯನ್ನು ಮೇಲಕ್ಕೆ ಕಳಿಸೋ ಪುಸ್ತಕ ಇರಲಿಲ್ಲ. ಗೈರುಹಾಜರಿ ಅಂತ ಬರೆದರು, ಗೆರೆ ಎಳೆದರು, ಮುಗೀತು.

ನನ್ನ ಕಾಲಕ್ಕೆ ಸ್ವಲ್ಪ ಬದಲಾಗಿತ್ತು. ನೂರಕ್ಕೆ ಎಂಬತ್ತು ಹಾಜರಾತಿ ಇದ್ದರೆ ತಿಂಗಳಿಗೆ ಮೂರು ಕೆಜಿ ಅಕ್ಕಿ ಕೊಡೋರು. ಹಾಜರಾತಿಗೆ ಮೊದಲ ಸಲ ಮನೆಯಲ್ಲಿ ಬೆಲೆ ಬಂದಿದ್ದು ಆಗ. 1996ರ ಜೂನ್ 1ಕ್ಕೆ ನಮ್ಮ ಜಿಲ್ಲೆಯ ದೇವೇಗೌಡರು ಪ್ರಧಾನಿಯಾದಾಗ ನಾನು ಏಳನೇ ಕ್ಲಾಸು, ಆ ವರ್ಷ ನಮ್ಮ ಶಾಲೆಗೆ ಸಿಹಿಯಿಂದಲೇ ಬಾಗಿಲು ತೆರೀತು. ನಾನು ಬಿಟ್ಟ ಮೇಲೆ ಬಿಸಿಯೂಟ ಬಂತು. ಸುಪ್ರೀಂ ಕೋರ್ಟಿನ 2001ರ ಆದೇಶದ ಮೇಲೆ, 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಕಡೆಗೂ. ಎಂಟನೇ ಕ್ಲಾಸಿಗೆ ಸೈಕಲ್ ಬಂತು. ಹುಡುಗಿಯರು ಗುಂಪಾಗಿ ಸೈಕಲ್ ತುಳಿದುಕೊಂಡು ಅದೇ ಕೆರೆ ಏರಿ ಮೇಲೆ ಹೋಗೋದನ್ನು ನೋಡಿದ್ದೀನಿ. ಆರ್‌ಟಿಇ ಬಂತು. ಈ ಸಲದ ಆದೇಶಗಳು ರಿಜಿಸ್ಟರಿನಲ್ಲೂ ಕಾಣಿಸ್ತವೆ. ‘ಗೈರುಹಾಜರಿ’ ಅನ್ನೋ ಪದ ಪುಟದಿಂದ ಪುಟಕ್ಕೆ ಕಡಿಮೆಯಾಗ್ತಾ ಹೋಗಿ, ಒಂದು ಕಡೆ ನಿಂತೇ ಹೋಗುತ್ತೆ.

ಆದರೆ ಅದೇ ಹೊತ್ತಿಗೆ ಹೆಸರುಗಳೂ ಕಡಿಮೆಯಾಗೋಕೆ ಶುರುವಾಗ್ತವೆ. ಈಗ ಒಂದರಿಂದ ಏಳರವರೆಗೆ ಸೇರಿ ಮೂವತ್ತೊಂದು ಮಕ್ಕಳು. ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಊರೂರು ಸುತ್ತಿ ಉಳಿದ ಮಕ್ಕಳನ್ನು ತಾಲ್ಲೂಕಿನ ಇಂಗ್ಲಿಷ್ ಮೀಡಿಯಮ್ಮಿಗೆ ಕರೆದುಕೊಂಡು ಹೋಗುತ್ತೆ. ಶತಮಾನೋತ್ಸವ ಸಮಿತಿಯ ಸದಸ್ಯರಲ್ಲಿ ಒಬ್ಬರ ಮಕ್ಕಳೂ ಈ ಶಾಲೆಯಲ್ಲಿಲ್ಲ. ನನ್ನ ಮಗಳೂ ಅಷ್ಟೇ. ಅವಳ ಸ್ಕೂಲಿನ ಮೆಮೊ ಬುಕ್ಕು ನನ್ನ ಫೋನಿನಲ್ಲೇ ಇದೆ, ಆ್ಯಪ್ ರೂಪದಲ್ಲಿ. ‘ನಾಳೆ ಹಳದಿ ಬಟ್ಟೆ ಹಾಕಿಸಿ’, ‘ಶನಿವಾರ ಆನ್ಯುವಲ್ ಡೇ ರಿಹರ್ಸಲ್, ಕಾಸ್ಟ್ಯೂಮಿಗೆ ಇಷ್ಟು ದುಡ್ಡು’. ನಾನು ಮೀಟಿಂಗಿನ ನಡುವೆ ಓಕೆ ಒತ್ತುತ್ತೀನಿ. ಮೂವತ್ತೊಂದು ಉಳಿದಿದ್ದಕ್ಕೆ ಸರ್ಕಾರವನ್ನು ಬೈಯೋ ಪ್ಯಾರಾ ಒಂದನ್ನು ಬರೆದಿದ್ದೆ. ಆಮೇಲೆ ಅಳಿಸಿದೆ. ರಿಜಿಸ್ಟರಿನಲ್ಲಿ ಇಲ್ಲದ ಹೆಸರುಗಳಲ್ಲಿ ನನ್ನ ಮಗಳದೂ ಒಂದು.

ಹೋದ ತಿಂಗಳು ಊರಲ್ಲಿ ಸಮಿತಿಯ ಮೀಟಿಂಗ್ ಆಯ್ತು. ಸ್ಮರಣ ಸಂಚಿಕೆಯಲ್ಲಿ ‘ನಮ್ಮ ಶಾಲೆಯ ಹೆಮ್ಮೆ’ ಅಂತ ಎಂಟು ಪುಟ: ಡಾಕ್ಟರು, ಇಂಜಿನಿಯರು, ಅಮೆರಿಕದಲ್ಲಿರೋರು. ನನ್ನ ಫೋಟೋನೂ ಇದೆ. ನಾನು ಹೇಳಿದೆ, ಇನ್ನೂ ಕೆಲವು ಪುಟ ಹಾಕೋಣ, ನೂರು ವರ್ಷದಲ್ಲಿ ಸೇರಿದ ಎಲ್ಲರ ಹೆಸರು, ಬಿಟ್ಟವರದ್ದೂ ಸೇರಿ. ಮೊದಲು ಯಾರೂ ಮಾತಾಡಲಿಲ್ಲ. ಪ್ರಿಂಟಿಂಗ್ ಖರ್ಚು ಅಂದ್ರು ಒಬ್ಬರು. ಇನ್ನೊಬ್ಬರು ನೇರವಾಗಿ, “ಜಾತಿ ಕಾಲಮ್ಮು, ಬಿಟ್ಟ ಕಾರಣ, ಅದೆಲ್ಲ ಹಾಕಿದ್ರೆ ಊರಲ್ಲಿ ಜಗಳ ಆಗುತ್ತೆ” ಅಂದ್ರು. ಅವರ ಮಾತನ್ನು ತಳ್ಳಿಹಾಕೋ ಹಾಗಿರಲಿಲ್ಲ. ಕೊನೆಗೆ ಒಬ್ಬ ನಿವೃತ್ತ ಮೇಡಂ ದಾರಿ ತೋರಿಸಿದ್ರು. ಜಾತಿ ಬೇಡ, ಕಾರಣ ಬೇಡ, ಬರೀ ಹೆಸರು ಮತ್ತು ಸೇರಿದ ಇಸವಿ. ಪುಸ್ತಕದಲ್ಲೂ ಹಾಕೋಣ, ಕಾರ್ಯಕ್ರಮದ ದಿನ ಬೆಳಿಗ್ಗೆ ಆ ಮೂವತ್ತೊಂದು ಮಕ್ಕಳು ಸರದಿಯ ಮೇಲೆ ಹಾಜರಿ ಕೂಗಲಿ. ಇದ್ದವರು ಓಗೊಡಲಿ. ಎಂಎಲ್ಎ ಬರೋದು ಹೇಗೂ ತಡವಾಗುತ್ತೆ, ಟೈಮ್ ಸಾಕಷ್ಟಿದೆ ಅಂದ್ರು. ಎಲ್ಲರೂ ನಕ್ಕರು, ಒಪ್ಪಿಗೆಯಾಯ್ತು. ಆದರೆ ಮೂವತ್ತರ ದಶಕದ ಆ ಹುಡುಗ ಯಾಕೆ ಬಿಟ್ಟ ಅನ್ನೋದು ಈ ಒಪ್ಪಂದದಲ್ಲಿ ಮತ್ತೊಮ್ಮೆ ಖಾಲಿಯೇ ಉಳೀತು. ಅದು ನನಗೆ ಗೊತ್ತಿದೆ. ಸಂಚಿಕೆಯಲ್ಲಿ ಜಾಗ ಸಿಗದ್ದಕ್ಕೇ ಇಲ್ಲಿ ಬರೆದೆ.

ಡಿಸೆಂಬರ್ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ. ದೊಡ್ಡತ್ತೆಗೆ ಫೋನ್ ಮಾಡಿ ಹೇಳಿದೆ. ಮಂಡಿನೋವು, ಬಸ್ಸು ಹತ್ತೋಕಾಗಲ್ಲ ಅಂದ್ರು. ಕಾರು ತರ್ತೀನಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ವಾಪಸ್ ಫೋನ್ ಮಾಡಿದ್ರು.

“ಅಲ್ಲ ಮಗ, ಹೆಸ್ರು ಕೂಗಿದ್ರೆ ಏನನ್ಬೇಕು? ನೀವೆಲ್ಲ ಎಸ್ ಸಾರ್ ಅಂತಿದ್ರಿ. ನಮ್ ಕಾಲ್ದಲ್ಲಿ ಏನಂತಿದ್ವೋ, ಮರ್ತೇ ಹೋಗದೆ ನೋಡು.”